ನಾಲ್ಕು ರಸ್ತೆ ಕೂಡುವಲ್ಲಿ ಏನು ಕಟ್ಟಬೇಕು?

ಜಂಕ್ಷನ್ ಬದಲಿಸುವ ಮಾತು ಬಂದ ಕೂಡಲೇ ಸಭೆ ನಾಲ್ಕು ಪಕ್ಷವಾಗುತ್ತದೆ. ಒಬ್ಬರಿಗೆ ಸಿಗ್ನಲ್ ಬೇಕು, ಇನ್ನೊಬ್ಬರಿಗೆ ರೌಂಡ್‌ಅಬೌಟ್ (ನಡುವಿನ ದಿಬ್ಬವನ್ನು ವಾಹನಗಳು ಸುತ್ತಿ ಹೋಗುವ ವೃತ್ತ), ಮತ್ತೊಬ್ಬರಿಗೆ ಪಾದಚಾರಿ ಮೇಲ್ಸೇತುವೆ. ಸೈಕಲ್ ತುಳಿಯುವವರು ನೆದರ್ಲೆಂಡ್ಸಿನ ಚಿತ್ರ ಹಿಡಿದು ಬರುತ್ತಾರೆ. ಪ್ರತಿಯೊಬ್ಬರ ಬಳಿಯೂ ಎಲ್ಲೋ ಗೆದ್ದ ಒಂದು ಉದಾಹರಣೆ ಇರುತ್ತದೆ; ಅದು ಬಹುಮಟ್ಟಿಗೆ ನಿಜವೂ ಆಗಿರುತ್ತದೆ. ಅಲ್ಲಿ ಗೆದ್ದದ್ದು ಇಲ್ಲಿ ಏಕೆ ಸೋಲಬಹುದು ಎಂಬ ಲೆಕ್ಕವನ್ನು ಮಾತ್ರ ಯಾರೂ ಮುಂದಿಡುವುದಿಲ್ಲ. ಹಾಗಾಗಿ ನಿವಾಸಿಗಳ ಸಂಘದವರು, ಶಾಲಾ ಮಕ್ಕಳ ಪೋಷಕರು, ಕಡೆಗೆ ಕಡತಕ್ಕೆ ಸಹಿ ಹಾಕಬೇಕಾದ ಎಂಜಿನಿಯರ್ ಕೂಡ ಒಂದೇ ಗೊಂದಲದಲ್ಲಿ ಉಳಿಯುತ್ತಾರೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಜಂಕ್ಷನ್ನಿನ ಹಣೆಬರಹವನ್ನು ಬರೆಯುವುದು ಎರಡು ಸಂಗತಿಗಳು: ವಾಹನ ಎಷ್ಟು ವೇಗವಾಗಿ ತಿರುಗುತ್ತದೆ ಮತ್ತು ನಡೆದು ಬಂದವರು ಎಷ್ಟು ಹೊತ್ತು ಕಾಯುತ್ತಾರೆ. ಸಿಗ್ನಲ್ಲೋ ರೌಂಡ್‌ಅಬೌಟೋ ಎಂಬ ಪ್ರಶ್ನೆ ಆಮೇಲಿನದು. ಈ ಎರಡನ್ನು ಸರಿಪಡಿಸದೆ ಯಾವ ಸಾಧನ ತಂದು ನಿಲ್ಲಿಸಿದರೂ ಹಣ ಹೋಗುತ್ತದೆ, ಅಪಾಯ ಉಳಿಯುತ್ತದೆ.

ಇಲ್ಲಿನ ವಿವರಣೆಯೆಲ್ಲ ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುವ ದೇಶಗಳಿಗೆ ಹೊಂದುವಂತಿದೆ. ಬಲಬದಿಯಲ್ಲಿ ಓಡುವಲ್ಲಿ ಎಡ-ಬಲಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು.

ಯಾವುದರಿಂದ ಅಳೆಯುವುದು

ಎಲ್ಲಕ್ಕಿಂತ ಮೊದಲು ಡಿಕ್ಕಿಯ ವೇಗ. ಅಮೆರಿಕದ ವಾಹನ ಸವಾರರ ಸಂಘವಾದ ಎಎಎಯ ಸಂಚಾರ ಸುರಕ್ಷತಾ ಪ್ರತಿಷ್ಠಾನದ ಅಧ್ಯಯನದ ಪ್ರಕಾರ, ಗಂಟೆಗೆ 37 ಕಿ.ಮೀ. ವೇಗದಲ್ಲಿ ವಾಹನ ಬಡಿದರೆ ಪಾದಚಾರಿ ಸಾಯುವ ಸಂಭವ ಸುಮಾರು ಶೇ 10. ವೇಗ 51 ಕಿ.ಮೀ. ಆದರೆ ಅದು ಶೇ 25, 68 ಕಿ.ಮೀ. ಆದರೆ ಶೇ 50. ವಯಸ್ಸಾದವರಿಗೆ ಇದೇ ಅಪಾಯ ಇನ್ನೂ ಕಡಿಮೆ ವೇಗದಲ್ಲಿಯೇ ಎದುರಾಗುತ್ತದೆ. ವೇಗಕ್ಕೆ ಇನ್ನೊಂದು ಮುಖವೂ ಇದೆ. ಚಾಲಕ ಅಪಾಯ ಕಂಡ ಒಂದು ಸೆಕೆಂಡಿಗೆ ಬ್ರೇಕ್ ಒತ್ತಿದ ಎಂದಿಟ್ಟುಕೊಳ್ಳೋಣ. ಒಣಗಿದ ರಸ್ತೆಯಲ್ಲಿ 30 ಕಿ.ಮೀ. ವೇಗದ ಕಾರು ಸುಮಾರು 13 ಮೀಟರ್ ದೂರದೊಳಗೆ ಪೂರ್ತಿ ನಿಲ್ಲುತ್ತದೆ. 50 ಕಿ.ಮೀ. ವೇಗದ ಕಾರು ಆ 13 ಮೀಟರ್ ಕ್ರಮಿಸುವಷ್ಟರಲ್ಲಿ ಬ್ರೇಕ್ ಹಿಡಿಯಲು ಶುರುವನ್ನೂ ಮಾಡಿರುವುದಿಲ್ಲ. ಒಂದು ಕಾರು ನಿಂತಿರುವ ಜಾಗದಲ್ಲಿ ಇನ್ನೊಂದು ಕಾರು ಪೂರ್ಣ ವೇಗದಲ್ಲಿ ಬಡಿಯುತ್ತದೆ.

ಆಮೇಲೆ ದಾಟುವ ದೂರ. ಸಿಗ್ನಲ್ ಸಮಯ ಲೆಕ್ಕ ಹಾಕುವವರು ಬಹುಕಾಲ ಸೆಕೆಂಡಿಗೆ 1.2 ಮೀಟರ್ ನಡಿಗೆಯನ್ನು ಹಿಡಿದುಕೊಂಡು ಬಂದಿದ್ದಾರೆ. ಆರು ಪಥಗಳ, 20 ಮೀಟರ್ ಅಗಲದ ರಸ್ತೆಗೆ ಆ ಲೆಕ್ಕದಲ್ಲಿ 17 ಸೆಕೆಂಡ್ ಸಾಕು. ಮಂಡಿ ನೋವಿರುವ ವೃದ್ಧೆಯ ನಡಿಗೆ ಸೆಕೆಂಡಿಗೆ 0.8 ಮೀಟರ್ ಇದ್ದೀತು. ಹಸಿರು ದೀಪ ಹತ್ತಿದ ಕ್ಷಣವೇ ಹೆಜ್ಜೆ ಇಟ್ಟರೂ 17ನೇ ಸೆಕೆಂಡಿಗೆ ಅವರು ಹದಿಮೂರೂವರೆ ಮೀಟರ್ ದಾಟಿರುತ್ತಾರೆ. ಮುಂದೆ ಇನ್ನೂ ಎರಡು ಪಥಗಳಿವೆ, ಅಲ್ಲಿ ಎಂಜಿನ್‌ಗಳು ಗುರುಗುಟ್ಟುತ್ತಿವೆ. ಜಂಕ್ಷನ್ನಿಗೆ ಇನ್ನೊಂದು ಪಥ ಸೇರಿಸಿದರೆ ದಟ್ಟಣೆ ಕರಗುತ್ತದೆ ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು. ಹೆಚ್ಚಿಸಿದ ಪ್ರತಿ ಪಥವೂ ದಾಟುವ ಸಮಯವನ್ನು ಸುಮಾರು ಮೂರು ಸೆಕೆಂಡ್ ಹಿಗ್ಗಿಸುತ್ತದೆ, ಆ ಸೆಕೆಂಡುಗಳನ್ನು ಕೊನೆಗೆ ವಾಹನಗಳ ಹಸಿರಿನಿಂದಲೇ ಕಳೆಯಬೇಕಾಗುತ್ತದೆ.

ಕಾಯುವ ಸಮಯವನ್ನು ವಾಹನಗಳಿಗೆ ಮಾತ್ರ ಅಳೆಯುವುದು ಹಳೆಯ ಚಾಳಿ. ನಡೆಯುವವರಿಗೂ ಅಳೆಯಿರಿ. ಒಂದು ಸುತ್ತಿಗೆ, ಅಂದರೆ ಎಲ್ಲ ದಿಕ್ಕಿಗೂ ಒಮ್ಮೆ ಸರದಿ ಬಂದು ಹೋಗಲು, 120 ಸೆಕೆಂಡ್ ತೆಗೆದುಕೊಳ್ಳುವ ಸಿಗ್ನಲ್‌ನಲ್ಲಿ ದಾಟಲು ಹೆಜ್ಜೆ ಇಡುವ ಅವಕಾಶ 10 ಸೆಕೆಂಡ್ ಮಾತ್ರ ಇದ್ದರೆ, ಬಂದವರು ಸರಾಸರಿ 50 ಸೆಕೆಂಡ್ ನಿಲ್ಲಬೇಕು. ಸುತ್ತನ್ನು 70 ಸೆಕೆಂಡಿಗೆ ಇಳಿಸಿದರೆ ಅದು 26 ಸೆಕೆಂಡಿಗೆ ಇಳಿಯುತ್ತದೆ. ಅರ್ಧ ನಿಮಿಷ ದಾಟಿದ ಮೇಲೆ ಜನರ ತಾಳ್ಮೆ ಕೆಡುತ್ತದೆ, ವಾಹನಗಳ ನಡುವೆ ಸಂದು ಹುಡುಕುತ್ತಾರೆ ಎಂಬುದು ಎಂಜಿನಿಯರಿಂಗ್ ಕೈಪಿಡಿಗಳೇ ಒಪ್ಪಿಕೊಂಡ ಮಾತು. ಜನಕ್ಕೆ ಶಿಸ್ತಿಲ್ಲ ಎಂದು ಬಯ್ಯುವ ಮೊದಲು ಸಿಗ್ನಲ್‌ನ ಸುತ್ತು ಎಷ್ಟು ಸೆಕೆಂಡಿನದು ಎಂದು ಕೇಳಬೇಕು.

ಉಳಿದವು ನಿಮಗೆ ಗೊತ್ತಿರುವವೇ: ದಟ್ಟಣೆಯ ಗಂಟೆಯಲ್ಲಿ ಎಷ್ಟು ವಾಹನ, ಅವುಗಳಲ್ಲಿ ಬಸ್ಸು ಲಾರಿಗಳೆಷ್ಟು, ಜಾಗ ಎಷ್ಟಿದೆ, ಹಣ ಎಷ್ಟಿದೆ, ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು. ಇವುಗಳ ಜೊತೆಗೆ ಒಂದನ್ನು ಸೇರಿಸಿಕೊಳ್ಳಿ. ಕಣ್ಣು ಕಾಣದ ವ್ಯಕ್ತಿಯೊಬ್ಬರು ಒಬ್ಬರೇ ಇಲ್ಲಿ ದಾಟಬಲ್ಲರೇ? ಈ ಪ್ರಶ್ನೆ ಕೇಳಿದೊಡನೆ ಚೆಂದವಾಗಿ ಕಾಣುವ ಕೆಲವು ನಕ್ಷೆಗಳು ಬಿದ್ದುಹೋಗುತ್ತವೆ.

ಯಾವ ಆಯ್ಕೆಗೂ ಮೊದಲು: ಮೂಲೆ

ಕಡಿಮೆ ಹಣ, ಹೆಚ್ಚು ಫಲ ಸಿಗುವುದು ಇಲ್ಲಿ. ರಸ್ತೆಯ ಮೂಲೆಯಲ್ಲಿ ಅಂಚುಗಲ್ಲು ಎಷ್ಟು ದೊಡ್ಡ ಕಮಾನಾಗಿ ಬಾಗಿದೆ ಎಂಬುದು ತಿರುಗುವ ವೇಗವನ್ನು ತೀರ್ಮಾನಿಸುತ್ತದೆ. ವಾಹನ 15 ಮೀಟರ್ ತ್ರಿಜ್ಯದಲ್ಲಿ ತಿರುಗಬಹುದಾದರೆ ಚಾಲಕ ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ಹಾಯಾಗಿ ತಿರುಗುತ್ತಾನೆ. ತ್ರಿಜ್ಯ 5 ಮೀಟರಿಗೆ ಇಳಿದರೆ ವೇಗ 14ರ ಆಸುಪಾಸಿಗೆ ಬರುತ್ತದೆ. ಫಲಕ ಬೇಡ, ದಂಡ ಬೇಡ, ಪೊಲೀಸರು ನಿಲ್ಲಬೇಕಾಗಿಲ್ಲ. ಮೂಲೆ ಬಿಗಿಯಾದಂತೆ ದಾಟುವ ದೂರವೂ ಕುಗ್ಗುತ್ತದೆ.

ಇದಕ್ಕೆ ತಕ್ಷಣ ಬರುವ ಆಕ್ಷೇಪ ಲಾರಿ ಮತ್ತು ಅಗ್ನಿಶಾಮಕ ವಾಹನಗಳದು. ಆಕ್ಷೇಪ ನ್ಯಾಯವಾದದ್ದೇ. ಉದ್ದನೆಯ ವಾಹನ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಹೋಗುವುದಿಲ್ಲ, ಒಳಮೂಲೆಗೆ ಸರಿದು ಸಾಗುತ್ತವೆ. ಫುಟ್‌ಪಾತಿನ ಅಂಚಿನಲ್ಲಿ ನಿಂತವರ ಕಾಲಿಗೆ ಬರುವುದು ಅವೇ. ಪರಿಹಾರವೂ ಹೊಸದಲ್ಲ. ಮೂಲೆಯ ಹೊರಭಾಗವನ್ನು ಒರಟು ಕಲ್ಲಿನಿಂದ ಕೆಲವೇ ಸೆಂಟಿಮೀಟರ್ ಎತ್ತರಿಸಿ ಕಟ್ಟುತ್ತಾರೆ. ದೊಡ್ಡ ವಾಹನ ಅದರ ಮೇಲೆ ನಿಧಾನವಾಗಿ ಹತ್ತಿ ಇಳಿಯಬಹುದು. ಕಾರಿನವನು ಅಲುಗಾಟಕ್ಕೆ ಅಂಜಿ ಅದನ್ನು ಬಿಟ್ಟು ಅದರಾಚೆಯ ರಸ್ತೆಯಲ್ಲೇ ಬಿಗಿಯಾಗಿ ತಿರುಗುತ್ತಾನೆ. ವರ್ಷಕ್ಕೊಮ್ಮೆ ಬರುವ ವಾಹನಕ್ಕಾಗಿ ದಿನವಿಡೀ ಬರುವವರ ಜೀವವನ್ನು ಪಣಕ್ಕೊಡ್ಡುವ ಅಗತ್ಯ ಇದರಿಂದ ತಪ್ಪುತ್ತದೆ.

ದಾಟುವ ಜಾಗದಿಂದ ಐದಾರು ಮೀಟರ್ ಒಳಗೆ ವಾಹನ ನಿಲ್ಲಿಸದಂತೆ ಮಾಡುವುದು ಇನ್ನೊಂದು ಕೆಲಸ. ನಿಂತ ಕಾರಿನ ಹಿಂದಿನಿಂದ ಮಗುವೊಂದು ಹೊರಬಂದರೆ ಚಾಲಕನಿಗೆ ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಅಮೆರಿಕದ ಹೊಬೋಕನ್ ನಗರ ತನ್ನ ಮೂಲೆಗಳನ್ನು ಹೀಗೆ ತೆರವುಗೊಳಿಸುವುದನ್ನು ವ್ರತದಂತೆ ನಡೆಸಿತು. 2017ರ ಆರಂಭದಿಂದ ಏಳು ವರ್ಷ ಅಲ್ಲಿನ ರಸ್ತೆಗಳಲ್ಲಿ ಒಬ್ಬರೂ ಅಪಘಾತಕ್ಕೆ ಬಲಿಯಾಗಲಿಲ್ಲ. ಇದರ ಪೂರ್ತಿ ಶ್ರೇಯ ಮೂಲೆಗಳಿಗೇ ಸಲ್ಲುವುದಿಲ್ಲ, ಅಲ್ಲಿ ವೇಗಮಿತಿಯನ್ನೂ ಇಳಿಸಿದ್ದರು. ಆದರೂ ಬಣ್ಣ ಮತ್ತು ಕಂಬಗಳ ಖರ್ಚಿಗೆ ಇದಕ್ಕಿಂತ ಒಳ್ಳೆಯ ಹೂಡಿಕೆ ನನಗೆ ಗೊತ್ತಿಲ್ಲ. ರಸ್ತೆ ನಡುವೆ ನಿಲ್ಲಲು ಕಟ್ಟೆ ಕಟ್ಟಿದರೆ ಪಾದಚಾರಿ ಅಪಘಾತಗಳು ಶೇ 56ರಷ್ಟು, ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ಶೇ 45ರಷ್ಟು ಇಳಿಯಬಹುದು ಎನ್ನುತ್ತದೆ ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತ.

ಸಣ್ಣ ಬಡಾವಣೆ ರಸ್ತೆಗಳು ಕೂಡುವಲ್ಲಿ ಇಷ್ಟು ಮಾಡಿದರೆ ಸಾಕು. ಮುಂದಿನದನ್ನು ಓದುವ ಅಗತ್ಯವೂ ಬೀಳದು.

ಸಿಗ್ನಲ್: ಉಳಿಸಿಕೊಳ್ಳುವುದಾದರೆ ಹೀಗೆ

ಸಿಗ್ನಲ್‌ನ ದೊಡ್ಡ ಗುಣವೆಂದರೆ ಅದು ಎಲ್ಲರಿಗೂ ಒಂದು ಸರದಿ ಕೊಡುತ್ತದೆ. ಒಂದು ರಸ್ತೆಯಲ್ಲಿ ವಾಹನಗಳ ಹೊಳೆ, ಇನ್ನೊಂದರಲ್ಲಿ ವಿರಳ ಸಂಚಾರ ಇದ್ದರೂ ವಿರಳ ರಸ್ತೆಯವರು ಬಾಕಿಯಾಗುವುದಿಲ್ಲ. ಬಸ್ಸಿಗೆ ಆದ್ಯತೆ ಕೊಡಬಹುದು, ಸಾಲು ಜಂಕ್ಷನ್‌ಗಳನ್ನು ಒಂದಕ್ಕೊಂದು ಹೊಂದಿಸಬಹುದು, ಶಬ್ದದ ಸೂಚನೆ ಸೇರಿಸಿದರೆ ಕಣ್ಣು ಕಾಣದವರಿಗೆ ಎಲ್ಲ ಆಯ್ಕೆಗಳಿಗಿಂತ ಇದೇ ಸ್ಪಷ್ಟ. ದೋಷವೂ ಅಷ್ಟೇ ದೊಡ್ಡದು. ಹಸಿರು ಕಂಡ ಚಾಲಕ ವೇಗ ತಗ್ಗಿಸುವುದಿಲ್ಲ, ಹಳದಿ ಕಂಡವನು ಹೆಚ್ಚಿಸುತ್ತಾನೆ. ನಿಯಮ ಮುರಿದಾಗ ಆಗುವ ಡಿಕ್ಕಿ ಲಂಬಕೋನದ್ದು, ಪೂರ್ಣ ವೇಗದ್ದು. ವಿದ್ಯುತ್ ಹೋದರೆ ಏನೂ ಉಳಿಯುವುದಿಲ್ಲ.

ಇರುವ ಸಿಗ್ನಲ್ಲನ್ನೇ ಸುಧಾರಿಸುವುದಾದರೆ ಮೊದಲು ಹಂತಗಳನ್ನು, ಅಂದರೆ ಒಂದು ಸುತ್ತಿನಲ್ಲಿ ಹಸಿರು ಎಷ್ಟು ಸಲ ಕೈ ಬದಲಿಸುತ್ತದೆ ಎಂಬುದನ್ನು, ಎಣಿಸಿ. ನಾಲ್ಕು ರಸ್ತೆಗಳಿಗೂ ಬೇರೆಬೇರೆ ಹಸಿರು ಕೊಟ್ಟಲ್ಲಿ ಸುತ್ತು ತಾನಾಗಿ ಎರಡು ನಿಮಿಷ ಮುಟ್ಟುತ್ತದೆ. ಎದುರುಬದುರು ರಸ್ತೆಗಳನ್ನು ಜೊತೆಯಾಗಿ ಬಿಟ್ಟು, ಬಲತಿರುವು ಹೆಚ್ಚಿರುವ ಕಡೆ ಮಾತ್ರ ಅದಕ್ಕೊಂದು ಚಿಕ್ಕ ಹಂತ ಇಟ್ಟರೆ ಸುತ್ತು ಕುಗ್ಗುತ್ತದೆ. 60ರಿಂದ 90 ಸೆಕೆಂಡ್ ಗುರಿಯಾಗಿರಲಿ. ಇದಕ್ಕೆ ಬೇಕಾದದ್ದು ನಿಯಂತ್ರಣ ಪೆಟ್ಟಿಗೆಯಲ್ಲಿ ಒಂದು ಮಧ್ಯಾಹ್ನದ ಕೆಲಸ ಮತ್ತು ಅದನ್ನು ಬಲ್ಲ ಒಬ್ಬ ಎಂಜಿನಿಯರ್.

ಎರಡನೆಯ ಸುಧಾರಣೆ ಪಾದಚಾರಿಗಳಿಗೆ ಮುಂಗಡ ಹಸಿರು. ವಾಹನಗಳಿಗಿಂತ ಮೂರರಿಂದ ಏಳು ಸೆಕೆಂಡ್ ಮೊದಲು ನಡೆಯುವವರ ದೀಪ ಹತ್ತುತ್ತದೆ. ತಿರುಗುವ ಕಾರು ಚಲಿಸುವ ವೇಳೆಗೆ ಜನ ಆಗಲೇ ರಸ್ತೆಯಲ್ಲಿರುತ್ತಾರೆ, ಕಣ್ಣಿಗೆ ಬೀಳುತ್ತಾರೆ. ಪಾದಚಾರಿ ಅಪಘಾತ ಶೇ 13ರಷ್ಟು ಇಳಿಯುತ್ತದೆ ಎಂಬುದು ಅದೇ ಹೆದ್ದಾರಿ ಆಡಳಿತದ ಅಂದಾಜು. ಸಂಖ್ಯೆ ಚಿಕ್ಕದಾಗಿ ಕಾಣಬಹುದು, ಆದರೆ ಒಂದು ಕಲ್ಲನ್ನೂ ಕದಲಿಸದೆ ಸಿಗುವ ಲಾಭ ಅದು. ನಿಧಾನವಾಗಿ ನಡೆಯುವವರಿಗೆ ಸಿಂಗಪುರ 2009ರಿಂದ ಮಾಡುತ್ತಿರುವುದು ಅನುಕರಣೀಯ. ಹಿರಿಯರು ಮತ್ತು ಅಂಗವಿಕಲರು ತಮ್ಮ ಕಾರ್ಡನ್ನು ಕಂಬಕ್ಕೆ ತಾಗಿಸಿದರೆ ದಾಟಲು 3ರಿಂದ 13 ಸೆಕೆಂಡ್ ಹೆಚ್ಚು ಸಿಗುತ್ತದೆ.

ಎಡಕ್ಕೆ ಸದಾ ಮುಕ್ತವಾಗಿರುವ ತಿರುವಿನ ಬಗ್ಗೆ ನನಗೆ ರಾಜಿಯಿಲ್ಲ. ಜನ ನಡೆಯುವ ಜಂಕ್ಷನ್ನಿನಲ್ಲಿ ಅದು ಇರಬಾರದು. ಉಳಿದ ಮೂರು ದಿಕ್ಕಿಗೆ ಕೆಂಪು ಬಿದ್ದು ದಾಟುವ ಅವಕಾಶ ಬಂದಾಗಲೂ ಆ ಒಂದು ಪಥ ಹರಿಯುತ್ತಲೇ ಇರುತ್ತದೆ, ಅದರ ಚಾಲಕ ಬಲಗಡೆಯಿಂದ ಬರುವ ವಾಹನಗಳತ್ತ ಕತ್ತು ತಿರುಗಿಸಿರುತ್ತಾನೆ. ಎಡಗಡೆ ಕಾಲಿಟ್ಟವರು ಅವನ ದೃಷ್ಟಿಯಲ್ಲೇ ಇರುವುದಿಲ್ಲ.

ಎಲ್ಲ ವಾಹನಗಳನ್ನೂ ಒಟ್ಟಿಗೆ ನಿಲ್ಲಿಸಿ ಜನರನ್ನು ಕರ್ಣರೇಖೆಯಲ್ಲೂ ದಾಟಲು ಬಿಡುವ ಪದ್ಧತಿ ಸಿಗ್ನಲ್‌ನದೇ ಇನ್ನೊಂದು ರೂಪ. ಅಮೆರಿಕದ ಡೆನ್ವರ್ ನಗರದ ಸಂಚಾರ ಎಂಜಿನಿಯರ್ ಹೆನ್ರಿ ಬಾರ್ನ್ಸ್ 1950ರ ದಶಕದ ಆರಂಭದಲ್ಲಿ ಇದನ್ನು ಹೆಸರುವಾಸಿ ಮಾಡಿದರು. ಟೋಕಿಯೊದ ಶಿಬುಯಾ ಜಂಕ್ಷನ್ ಇದರ ಜಗತ್ಪ್ರಸಿದ್ಧ ರೂಪ. ಲಂಡನ್ನಿನ ಆಕ್ಸ್‌ಫರ್ಡ್ ಸರ್ಕಸ್ ಎಂಬ ಜಂಕ್ಷನ್ 2009ರಲ್ಲಿ ಇದನ್ನು ಅಳವಡಿಸಿಕೊಂಡಿತು. ರೈಲು ನಿಲ್ದಾಣ, ಮಾರುಕಟ್ಟೆ, ಕ್ರೀಡಾಂಗಣಗಳ ಮುಂದೆ, ನಡೆಯುವವರ ಸಂಖ್ಯೆ ವಾಹನದವರನ್ನು ಮೀರಿಸುವಲ್ಲಿ ಇದು ಹೊಂದುತ್ತದೆ. ಜನ ವಿರಳವಾಗಿರುವಲ್ಲಿ ತಂದರೆ ಎಲ್ಲರೂ ಕಾಯುತ್ತಾರೆ, ನಡೆಯುವವರೂ ಸೇರಿ.

ರೌಂಡ್‌ಅಬೌಟ್: ಕಾರಿಗೆ ವರ, ಸೈಕಲ್ಲಿಗೆ ಷರತ್ತು

ನಾಲ್ಕು ರಸ್ತೆಗಳ ಸಾಮಾನ್ಯ ಜಂಕ್ಷನ್ನಿನಲ್ಲಿ ವಾಹನಗಳ ದಾರಿ ಒಂದಕ್ಕೊಂದು ಸೇರುವ, ಒಡೆಯುವ, ಕತ್ತರಿಸುವ ಬಿಂದುಗಳು ಒಟ್ಟು 32. ಒಂದು ಪಥದ ರೌಂಡ್‌ಅಬೌಟ್‌ನಲ್ಲಿ ಅವು 8, ಅವುಗಳಲ್ಲಿ ನೇರವಾಗಿ ಕತ್ತರಿಸುವ ಬಿಂದು ಒಂದೂ ಇಲ್ಲ. ತಪ್ಪು ನಡೆದರೂ ಕಡಿಮೆ ವೇಗದಲ್ಲಿ, ಓರೆಯಾಗಿ ತಾಗುತ್ತವೆ. ಅಮೆರಿಕದಲ್ಲಿ ಹೀಗೆ ಪರಿವರ್ತಿಸಿದ 24 ಜಂಕ್ಷನ್‌ಗಳನ್ನು ಅಧ್ಯಯನ ಮಾಡಿದಾಗ ಗಾಯಗಳಾಗುವ ಅಪಘಾತಗಳು ಶೇ 76ರಷ್ಟು ಇಳಿದದ್ದು ಕಂಡುಬಂತು. ಇಂಡಿಯಾನಾ ರಾಜ್ಯದ ಕಾರ್ಮೆಲ್ ನಗರ ನೂರಕ್ಕೂ ಹೆಚ್ಚು ರೌಂಡ್‌ಅಬೌಟ್ ಕಟ್ಟಿ ಬಹುತೇಕ ಸಿಗ್ನಲ್‌ಗಳನ್ನೇ ಕಳಚಿತು. ವಿದ್ಯುತ್ ಬೇಡ, ನಡುರಾತ್ರಿ ಖಾಲಿ ರಸ್ತೆಯಲ್ಲಿ ಕೆಂಪು ದೀಪದ ಮುಂದೆ ನಿಲ್ಲಬೇಕಿಲ್ಲ.

ಇಷ್ಟು ಲಾಭ ಸಿಗಬೇಕಾದರೆ ಎರಡು ಸಂಗತಿ ಇರಲೇಬೇಕು. ಒಳಗೆ ಸುತ್ತುತ್ತಿರುವವರಿಗೆ ಹೊರಗಿನಿಂದ ಬರುವವರು ದಾರಿ ಬಿಡಬೇಕು. ಫ್ರಾಂಕ್ ಬ್ಲ್ಯಾಕ್‌ಮೋರ್ ಎಂಬ ಎಂಜಿನಿಯರ್ ಪಟ್ಟುಹಿಡಿದು ಪ್ರತಿಪಾದಿಸಿದ ಈ ನಿಯಮವನ್ನು ಬ್ರಿಟನ್ 1966ರಲ್ಲಿ ಜಾರಿಗೆ ತಂದಿತು. ಎರಡನೆಯದಾಗಿ, ಒಳಬರುವ ಪಥ ಬಾಗಿರಬೇಕು. ನೇರವಾದ, ಅಗಲವಾದ ಪ್ರವೇಶಗಳ ನಡುವೆ ಪ್ರತಿಮೆಯಿಟ್ಟು ಸುತ್ತ ಹುಲ್ಲು ಬೆಳೆಸಿದ ದೊಡ್ಡ ವೃತ್ತ ಈ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ವಾಹನಗಳು ವೇಗ ತಗ್ಗಿಸದೆ ಒಳನುಗ್ಗುತ್ತವೆ, ಸುತ್ತುತ್ತಲೇ ಪಥ ಬದಲಿಸುತ್ತವೆ, ನಡೆಯುವವರಿಗೆ ಸುತ್ತು ದಾರಿಯೇ ಗತಿ.

ಜಾಗದ ಲೆಕ್ಕ ಹೀಗಿದೆ. ಒಂದು ಪಥದ ರೌಂಡ್‌ಅಬೌಟ್‌ಗೆ ಹೊರ ಅಂಚಿನಿಂದ ಹೊರ ಅಂಚಿಗೆ 27ರಿಂದ 55 ಮೀಟರ್ ವ್ಯಾಸ ಬೇಕು. ಕಿರು ರೌಂಡ್‌ಅಬೌಟ್ 13ರಿಂದ 27 ಮೀಟರಿನಲ್ಲಿ ಹಿಡಿಸುತ್ತದೆ. ಅದರ ನಡುವಿನ ದಿಬ್ಬದ ಮೇಲೆ ಬಸ್ಸು ಹತ್ತಿ ಹೋಗಬಹುದು. ಎಲ್ಲ ರಸ್ತೆಗಳನ್ನು ಕೂಡಿಸಿ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಸಾವಿರ ವಾಹನಗಳವರೆಗೆ ಒಂದು ಪಥ ನಿಭಾಯಿಸುತ್ತದೆ. ಅದನ್ನು ಮೀರಿದರೆ, ಅಥವಾ ಒಂದೇ ರಸ್ತೆಯಿಂದ ನಿರಂತರ ಹರಿವಿದ್ದರೆ, ಪಕ್ಕದ ರಸ್ತೆಯವರಿಗೆ ನುಗ್ಗಲು ಸಂದೇ ಸಿಗುವುದಿಲ್ಲ. ಮುಂದಿನ ಜಂಕ್ಷನ್ನಿನ ಸಾಲು ಹಿಂದಕ್ಕೆ ಬೆಳೆದು ವೃತ್ತದೊಳಗೆ ಬಂದರಂತೂ ನಾಲ್ಕೂ ದಿಕ್ಕು ಒಂದೇ ಸಲ ಕಟ್ಟಿಹೋಗುತ್ತದೆ.

ಒಂದು ಪಥದ ರೌಂಡ್‌ಅಬೌಟ್ ನಡೆಯುವವರಿಗೂ ಒಳ್ಳೆಯದು, ಒಂದು ಮಾತು ಪಾಲಿಸಿದರೆ: ದಾಟುವ ಜಾಗ ವೃತ್ತದಿಂದ ಒಂದು ಕಾರಿನ ಉದ್ದದಷ್ಟು ಹಿಂದೆ ಇರಬೇಕು, ನಡುವೆ ಕಟ್ಟೆ ಇರಬೇಕು. ಒಂದು ಸಲಕ್ಕೆ ಒಂದೇ ದಿಕ್ಕಿನ ಒಂದೇ ಪಥ ನೋಡಿಕೊಂಡರೆ ಸಾಕು. ಪಥ ಎರಡಾದ ಕ್ಷಣ ಚಿತ್ರ ಕೆಡುತ್ತದೆ. ಹತ್ತಿರದ ಪಥದ ಬಸ್ಸು ಸೌಜನ್ಯದಿಂದ ನಿಲ್ಲುತ್ತದೆ, ಹುಡುಗಿಯೊಬ್ಬಳು ಅದರ ಮುಂದೆ ಹೆಜ್ಜೆ ಇಡುತ್ತಾಳೆ, ಆಚೆ ಪಥದ ಕಾರಿಗೆ ಬಸ್ಸಿನ ಮರೆಯಲ್ಲಿರುವ ಅವಳು ಕಾಣುವುದೇ ಇಲ್ಲ. ಕಣ್ಣು ಕಾಣದವರಿಗೆ ವಾಹನಗಳ ಶಬ್ದ ಎಲ್ಲ ಕಡೆಯಿಂದಲೂ ಎಡೆಬಿಡದೆ ಕೇಳುವುದರಿಂದ ಸಂದು ಎಲ್ಲಿದೆ ಎಂದು ತಿಳಿಯುವುದೇ ಕಷ್ಟ. ಎರಡು ಪಥ ಅನಿವಾರ್ಯವಾದರೆ ದಾಟುವ ಜಾಗಕ್ಕೆ ಪ್ರತ್ಯೇಕ ಸಿಗ್ನಲ್ ಇಡಲೇಬೇಕು. ಪಥ ಬದಲಿಸಲಾಗದಂತೆ ಒಳಗೆ ಅಂಚು ಕಟ್ಟಿದ ಟರ್ಬೊ ರೌಂಡ್‌ಅಬೌಟ್ ಅನ್ನು ಡಚ್ ಎಂಜಿನಿಯರ್ ಫೋರ್ಟೌನ್ 1996ರಲ್ಲಿ ರೂಪಿಸಿದರು. ಅದು ವಾಹನಗಳ ಡಿಕ್ಕಿ ತಗ್ಗಿಸುತ್ತದೆ, ಆದರೆ ದಾಟುವವರ ಈ ತೊಂದರೆಯನ್ನು ಬಗೆಹರಿಸುವುದಿಲ್ಲ.

ಸೈಕಲ್ ಸವಾರರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯದ ಸುಮಾರು 90 ರೌಂಡ್‌ಅಬೌಟ್‌ಗಳ ಅಧ್ಯಯನದಲ್ಲಿ, ಅವನ್ನು ಕಟ್ಟಿದ ಮೇಲೆ ಸೈಕಲ್ ಸವಾರರು ಗಾಯಗೊಳ್ಳುವ ಅಪಘಾತಗಳು ಶೇ 27ರಷ್ಟು ಹೆಚ್ಚಿದ್ದವು. ವೃತ್ತದೊಳಗೇ ಅಂಚಿನಲ್ಲಿ ಬಣ್ಣ ಬಳಿದು ಸೈಕಲ್ ಪಥ ಮಾಡುವುದು ಅತಿ ಕೆಟ್ಟ ಉಪಾಯ. ಹೊರಬೀಳುವ ಪ್ರತಿ ಕಾರೂ ಸೈಕಲ್ಲಿಗೆ ಅಡ್ಡ ಬರುತ್ತದೆ. ಸೈಕಲ್ ಪಥವನ್ನು ಹೊರಗೆ, ಫುಟ್‌ಪಾತಿನ ಪಕ್ಕದಲ್ಲಿ ಪ್ರತ್ಯೇಕವಾಗಿ ಸುತ್ತಿಸಬೇಕು. ಅದಕ್ಕೆ ಜಾಗವಿಲ್ಲವಾದರೆ, ಸೈಕಲ್ ಹೆಚ್ಚಿರುವ ಕಡೆ ರೌಂಡ್‌ಅಬೌಟ್ ಕೈಬಿಡುವುದೇ ಲೇಸು.

ರಕ್ಷಿತ ಮೂಲೆಯ ಜಂಕ್ಷನ್

ನೆದರ್ಲೆಂಡ್ಸಿನ ಡಚ್ಚರ ಮಾದರಿ ಎಂದು ಹೆಸರಾದದ್ದು ಇದು. ನಾಲ್ಕೂ ಮೂಲೆಯಲ್ಲಿ ಬಾಳೆಹಣ್ಣಿನಂತೆ ಬಾಗಿದ ಒಂದು ಕಟ್ಟೆ ಇರುತ್ತದೆ. ಸೈಕಲ್ ಪಥ ಅದರ ಹಿಂದಿನಿಂದ ಹಾದು, ರಸ್ತೆಯಂಚಿನಿಂದ ಸುಮಾರು ಐದು ಮೀಟರ್ ಒಳಗೆ ಸರಿದು ದಾಟುತ್ತದೆ. ಆ ಐದು ಮೀಟರಿನಲ್ಲಿ ಇಡೀ ಗುಟ್ಟು ಅಡಗಿದೆ. ಎಡಕ್ಕೆ ತಿರುಗುವ ಲಾರಿ ಸೈಕಲ್ ಪಥ ಮುಟ್ಟುವ ಹೊತ್ತಿಗೆ ಬಹುಪಾಲು ತಿರುಗಿ ಮುಗಿದಿರುತ್ತದೆ. ಚಾಲಕ ಸೈಕಲ್ಲನ್ನು ಪಕ್ಕದ ಕನ್ನಡಿಯಲ್ಲಿ ಹುಡುಕದೆ ಎದುರಿನ ಗಾಜಿನಲ್ಲೇ ನೋಡುತ್ತಾನೆ. ದಾರಿ ಬಿಡಲು ನಿಂತ ಕಾರಿಗೆ ಆ ಅಂತರದಲ್ಲಿ ಜಾಗವೂ ಸಿಗುತ್ತದೆ, ಹಿಂದಿನವರು ಹಾರ್ನ್ ಒತ್ತುವುದಿಲ್ಲ. ಕೆಂಪು ದೀಪಕ್ಕೆ ನಿಲ್ಲುವ ಸೈಕಲ್‌ಗಳು ಕಾರುಗಳಿಗಿಂತ ಮುಂದೆ ನಿಲ್ಲುತ್ತವೆ. ಬಲಕ್ಕೆ ಹೋಗಬೇಕಾದವರು ಎರಡು ಹಂತದಲ್ಲಿ, ಮೂಲೆಯಿಂದ ಮೂಲೆಗೆ ದಾಟುತ್ತಾರೆ. ರಸ್ತೆಯ ನಡುವೆ ಕೈ ಚಾಚಿಕೊಂಡು ವಾಹನಗಳ ಮಧ್ಯೆ ತೂರುವ ಭಯವಿಲ್ಲ.

ನಡೆಯುವವರಿಗೂ ಇದರಿಂದ ಲಾಭವಿದೆ, ವಾಹನ ಪಥವನ್ನು ದಾಟುವ ದೂರ ಕುಗ್ಗುತ್ತದೆ. ಕಾರಿನವರು ಕಳೆದುಕೊಳ್ಳುವುದು ತಿರುಗುವ ವೇಗವನ್ನು ಮಾತ್ರ, ಸಿಗ್ನಲ್‌ನ ಸಾಮರ್ಥ್ಯ ಹೆಚ್ಚೇನೂ ತಗ್ಗುವುದಿಲ್ಲ. ಅಮೆರಿಕದಲ್ಲಿ ಮೊದಲನೆಯದು 2015ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಬಂತು.

ಕಷ್ಟಗಳನ್ನೂ ಹೇಳಬೇಕು. ಇದು ಒಂಟಿಯಾಗಿ ನಿಲ್ಲುವುದಿಲ್ಲ. ಎರಡೂ ಬದಿಯ ರಸ್ತೆಗಳಲ್ಲಿ ಪ್ರತ್ಯೇಕ ಸೈಕಲ್ ಪಥವಿಲ್ಲದೆ ಜಂಕ್ಷನ್ನಿಗೆ ಮಾತ್ರ ಕಟ್ಟೆ ಕಟ್ಟಿದರೆ ಸೈಕಲ್ ಅಲ್ಲಿಗೆ ತಲುಪುವುದೇ ಇಲ್ಲ. ಮೋಟಾರ್ ಬೈಕ್‌ಗಳು ಹೆಚ್ಚಿರುವ ನಗರದಲ್ಲಿ ಆ ಪಥ ಕೆಲವೇ ದಿನಗಳಲ್ಲಿ ಅವುಗಳ ಪಾಲಾಗುತ್ತದೆ. ಮೂಲೆಗಳಲ್ಲಿ ಮಳೆನೀರು ಹರಿಯುವ ದಾರಿಯನ್ನು ಮೊದಲೇ ಯೋಚಿಸದಿದ್ದರೆ ಸೈಕಲ್ ಪಥ ಕೊಳವಾಗುತ್ತದೆ. ಸೈಕಲ್ ಪಥ ಮತ್ತು ಫುಟ್‌ಪಾತಿನ ನಡುವೆ ಕೋಲಿಗೆ, ಕಾಲಿಗೆ ತಿಳಿಯುವ ಅಂಚು ಇಲ್ಲದಿದ್ದರೆ ಕಣ್ಣು ಕಾಣದವರು ಅರಿಯದೆ ಪಥದೊಳಗೆ ಕಾಲಿಡುತ್ತಾರೆ. ಸೈಇಚಿ ಮಿಯಾಕೆ 1965ರಲ್ಲಿ ಜಪಾನಿನಲ್ಲಿ ರೂಪಿಸಿದ ಉಬ್ಬು ಗುರುತಿನ ಹಲಗೆಕಲ್ಲುಗಳು ಇಲ್ಲಿ ಅಲಂಕಾರವಲ್ಲ, ಅವಶ್ಯಕತೆ.

ಮೇಲ್ಸೇತುವೆ, ಸುರಂಗ

ನೆಲದ ಮೇಲೆ ದಾಟಲು ಬಿಡದೆ ಜನರನ್ನು ಹತ್ತಿಸುವುದನ್ನು ನಾನು ಕೊನೆಯ ಆಯ್ಕೆ ಎನ್ನುತ್ತೇನೆ. ಬಸ್ಸು, ಲಾರಿ ಅಡಿಯಲ್ಲಿ ಹೋಗಲು ಐದೂವರೆ ಮೀಟರ್ ಎತ್ತರ ಬೇಕು, 15 ಸೆಂ.ಮೀ. ಮೆಟ್ಟಿಲಾದರೆ ಹತ್ತಲು ಮೂವತ್ತಾರು ಮೂವತ್ತೇಳು, ಇಳಿಯಲು ಅಷ್ಟೇ. ಗಾಲಿಕುರ್ಚಿಗೆ 1:12 ಇಳಿಜಾರು (12 ಮೀಟರ್ ಸಾಗಿದರೆ 1 ಮೀಟರ್ ಏರುವಂಥದ್ದು) ಕಟ್ಟಿದರೆ ಒಂದು ಬದಿಗೇ 66 ಮೀಟರ್ ಉದ್ದ, ನಡುವಿನ ವಿಶ್ರಾಂತಿ ತಾಣಗಳನ್ನು ಬಿಟ್ಟು. 20 ಮೀಟರ್ ರಸ್ತೆ ದಾಟಲು ನೂರೈವತ್ತು ಮೀಟರ್ ಸಾಗಬೇಕು. ಲಿಫ್ಟ್ ಇಟ್ಟರೆ ಅದು ಕೆಟ್ಟ ದಿನ ಗಾಲಿಕುರ್ಚಿಯವರು ಆಚೆ ದಡದಲ್ಲೇ ಉಳಿಯುತ್ತಾರೆ.

ಜನ ಬಳಸುವುದಿಲ್ಲ ಎಂಬ ದೂರಿಗೂ ಉತ್ತರ ಹಳೆಯದೇ. 1960ರ ದಶಕದ ಬ್ರಿಟಿಷ್ ಅಧ್ಯಯನವೊಂದರ ಪ್ರಕಾರ, ನೆಲದ ಮೇಲೆ ದಾಟುವಷ್ಟೇ ಸಮಯ ಹಿಡಿದರೆ ಸುರಂಗವನ್ನು ಶೇ 95ರಷ್ಟು, ಸೇತುವೆಯನ್ನು ಶೇ 70ರಷ್ಟು ಜನ ಬಳಸುತ್ತಾರೆ. ಸಮಯ ಒಂದೂವರೆ ಪಟ್ಟಾದರೆ ಸೇತುವೆಯನ್ನು ಹತ್ತುವವರು ಬಹುತೇಕ ಯಾರೂ ಇಲ್ಲ. ಪ್ರವೇಶ ನಿಯಂತ್ರಿತ ಹೆದ್ದಾರಿ, ರೈಲು ಹಳಿ, ಅಥವಾ ಎತ್ತರದ ನಿಲ್ದಾಣದಿಂದ ನೇರವಾಗಿ ಆಚೆ ಬದಿಗೆ ಇಳಿಸುವ ಕಡೆ ಸೇತುವೆ ಸರಿ. ಉಳಿದಂತೆ ಅದು ವಾಹನಗಳ ಅನುಕೂಲಕ್ಕಾಗಿ ಪಾದಚಾರಿಯ ಹೆಸರಿನಲ್ಲಿ ಮಾಡುವ ಖರ್ಚು. ನೆದರ್ಲೆಂಡ್ಸಿನ ಐಂಡ್‌ಹೋವನ್ ನಗರದ ಹೋವನ್‌ರಿಂಗ್ ಎಂಬ 2012ರ ಉಂಗುರಾಕಾರದ ಸೈಕಲ್ ಸೇತುವೆ ಇದಕ್ಕೆ ಅಪವಾದ. ತೂಗುಹಾಕಿದ ಆ ಉಂಗುರಕ್ಕೆ ಏರುವ ಇಳಿಜಾರು ಸೌಮ್ಯವಾಗಿದೆ, ಅದಕ್ಕಾಗಿ ಕೆಳಗಿನ ರಸ್ತೆಯನ್ನೇ ತಗ್ಗಿಸಿದ್ದಾರೆ. ಅಂತಹ ಜಾಗ, ಅಂತಹ ಹಣ ಇದ್ದವರು ಮಾಡಲಿ.

ಹಂಚಿಕೊಂಡ ಅಂಗಳ

ಸಿಗ್ನಲ್, ಗೆರೆ, ಅಂಚುಗಲ್ಲು ಎಲ್ಲ ತೆಗೆದು ಚಾಲಕರೂ ನಡೆಯುವವರೂ ಪರಸ್ಪರ ನೋಡಿಕೊಂಡು ಸಾಗಲಿ ಎಂಬ ವಿಚಾರವನ್ನು ಸಂಚಾರ ಎಂಜಿನಿಯರ್ ಹಾನ್ಸ್ ಮಾಂಡರ್‌ಮನ್ ನೆದರ್ಲೆಂಡ್ಸಿನ ಡ್ರಾಖ್ಟನ್‌ನಲ್ಲಿ ಆಚರಣೆಗೆ ತಂದರು. ನಿಧಾನ ಸಂಚಾರದ ಹಳೆಯ ಪೇಟೆಗಳಲ್ಲಿ ಇದು ಸುಂದರ. ಆದರೆ ಇದು ನಿಂತಿರುವುದೇ ಕಣ್ಣಿಗೆ ಕಣ್ಣು ಕೂಡುವುದರ ಮೇಲೆ. ಕಣ್ಣು ಕಾಣದವರು ಏನು ಮಾಡಬೇಕು? ಈ ಪ್ರಶ್ನೆ ಬಲವಾಗಿ ಎದ್ದುದರಿಂದಲೇ ಬ್ರಿಟನ್ 2018ರಲ್ಲಿ ಇಂತಹ ಹೊಸ ಯೋಜನೆಗಳನ್ನು ತಡೆಹಿಡಿಯುವಂತೆ ಸ್ಥಳೀಯ ಆಡಳಿತಗಳಿಗೆ ಸೂಚಿಸಿತು. ಹೆಚ್ಚು ವಾಹನಗಳಿರುವ ಜಂಕ್ಷನ್ನಿಗೆ ಇದನ್ನು ನಾನು ಸೂಚಿಸುವುದಿಲ್ಲ.

ನಿಮ್ಮ ಜಂಕ್ಷನ್ ಯಾವ ಬಗೆಯದು

ಶಾಲೆಯ ಮುಂದಿನ ಎರಡು ಪಥದ ರಸ್ತೆಗಳು, ಸಾಧಾರಣ ಸಂಚಾರ, ಕೈಯಲ್ಲಿ ಅಲ್ಪ ಹಣ ಎಂದಾದರೆ: ಬಿಗಿಯಾದ ಮೂಲೆ, ಇಡೀ ಜಂಕ್ಷನ್ನನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸುವುದು, ಮೂಲೆಯಲ್ಲಿ ವಾಹನ ನಿಲುಗಡೆ ನಿಷೇಧ. ಎಲ್ಲ ದಿಕ್ಕಿನಿಂದ ಸರಿಸುಮಾರು ಸಮನಾದ ಹರಿವಿದ್ದರೆ ಕಿರು ರೌಂಡ್‌ಅಬೌಟ್ ಸೇರಿಸಬಹುದು. ಸಿಗ್ನಲ್ ಬೇಡ. ವಿರಳ ಸಂಚಾರದಲ್ಲಿ ಕೆಂಪು ದೀಪವನ್ನು ಯಾರೂ ಗೌರವಿಸುವುದಿಲ್ಲ, ಹಸಿರನ್ನು ನಂಬಿ ಮಕ್ಕಳು ಮಾತ್ರ ಕಾಲಿಡುತ್ತಾರೆ.

ನಗರದ ಅಂಚಿನ, ವೇಗದ, ಜಾಗಕ್ಕೆ ಕೊರತೆಯಿಲ್ಲದ ಜಂಕ್ಷನ್ನಿಗೆ ಒಂದು ಪಥದ ರೌಂಡ್‌ಅಬೌಟ್‌ನಷ್ಟು ಪ್ರಾಣ ಉಳಿಸುವ ಆಯ್ಕೆ ಇನ್ನೊಂದಿಲ್ಲ. ಹೊರಸುತ್ತಿನಲ್ಲಿ ಸೈಕಲ್ ಪಥಕ್ಕೆ ಈಗಲೇ ಜಾಗ ಕಾದಿರಿಸಿ.

ಬಸ್ಸು, ಸೈಕಲ್, ಜನ ಎಲ್ಲವೂ ತುಂಬಿರುವ ನಾಲ್ಕಾರು ಪಥದ ರಸ್ತೆಗಳು ಕೂಡುವಲ್ಲಿ ಸಿಗ್ನಲ್ ಉಳಿಯಲಿ, ಮೂಲೆಗಳು ರಕ್ಷಿತವಾಗಲಿ, ಸುತ್ತು ಕುಗ್ಗಲಿ. ಪೂರ್ತಿ ಕಟ್ಟಲು ಹಣವಿಲ್ಲದಿದ್ದರೆ ಕ್ರಮ ಹೀಗಿರಲಿ: ಮೊದಲು ಸಿಗ್ನಲ್ ಸಮಯ ಮತ್ತು ಮುಂಗಡ ಹಸಿರು, ನಂತರ ಮುಕ್ತ ಎಡತಿರುವು ಮುಚ್ಚುವುದು, ನಂತರ ನಡುಗಟ್ಟೆ, ಕಡೆಗೆ ಸೈಕಲ್ ಪಥದ ಜೊತೆ ಮೂಲೆಕಟ್ಟೆ. ಇದೇ ಕ್ರಮದಲ್ಲಿ ಖರ್ಚೂ ಏರುತ್ತದೆ. ಮೋಟಾರ್ ಬೈಕ್ ತಡೆಯುವ ಇಚ್ಛಾಶಕ್ತಿ ಇಲ್ಲದ ಕಡೆ ಸೈಕಲ್ ಪಥಕ್ಕೆ ಮುಂಚೆ ರಸ್ತೆಯ ವೇಗವನ್ನೇ 30 ಕಿ.ಮೀ.ಗೆ ಇಳಿಸುವುದು ಸೈಕಲ್‌ನವರಿಗೆ ಹೆಚ್ಚು ಉಪಕಾರಿ.

ಕಟ್ಟುವ ಮೊದಲು ಒರೆಗೆ ಹಚ್ಚಿ

ಕಾಂಕ್ರೀಟ್ ಸುರಿಯುವ ಮುನ್ನ ಬಣ್ಣ, ಕಂಬ, ಹೂಕುಂಡಗಳಿಂದಲೇ ಹೊಸ ನಕ್ಷೆಯನ್ನು ರಸ್ತೆಯ ಮೇಲೆ ಮೂಡಿಸಬಹುದು. ನ್ಯೂಯಾರ್ಕ್ 2009ರಲ್ಲಿ ಟೈಮ್ಸ್ ಸ್ಕ್ವೇರ್‌ನಲ್ಲಿ ಬ್ರಾಡ್‌ವೇ ರಸ್ತೆಯನ್ನು ವಾಹನಗಳಿಗೆ ಮುಚ್ಚಿದ್ದು ಪ್ರಯೋಗವಾಗಿಯೇ. ಫಲ ನೋಡಿ ಮರುವರ್ಷ ಅದನ್ನು ಶಾಶ್ವತಗೊಳಿಸಿತು. ಪ್ರಯೋಗಕ್ಕೆ ಮೊದಲಿನ ಲೆಕ್ಕ ನಿಮ್ಮ ಬಳಿ ಇರಬೇಕು, ಇಲ್ಲದಿದ್ದರೆ ಆಮೇಲೆ ಗಟ್ಟಿ ದನಿಯವರು ಹೇಳಿದ್ದೇ ಸತ್ಯವಾಗುತ್ತದೆ. ತಿರುಗುವ ವಾಹನಗಳ ವೇಗ, ನಡೆಯುವವರು ಕಾದ ಸೆಕೆಂಡುಗಳು, ದಾರಿ ಬಿಟ್ಟ ಮತ್ತು ಬಿಡದ ಚಾಲಕರ ಸಂಖ್ಯೆ, ಕೂದಲೆಳೆಯಲ್ಲಿ ತಪ್ಪಿದ ಡಿಕ್ಕಿಗಳು, ಬಸ್ಸು ಜಂಕ್ಷನ್ ದಾಟಲು ಹಿಡಿದ ಸಮಯ ಇವಿಷ್ಟನ್ನು ಬೆಳಗಿನ ದಟ್ಟಣೆಯಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ, ರಾತ್ರಿಯಲ್ಲಿ, ಮಳೆಯ ದಿನದಲ್ಲಿ ದಾಖಲಿಸಿ. ಗಾಲಿಕುರ್ಚಿ ಬಳಸುವವರನ್ನೂ ಬಿಳಿಕೋಲು ಹಿಡಿದು ನಡೆಯುವವರನ್ನೂ ಮೊದಲ ವಾರವೇ ಕರೆದು ದಾಟಿಸಿ ನೋಡಿ, ಅವರ ಮಾತನ್ನು ಬರೆದುಕೊಳ್ಳಿ.

ಮೊದಲ ಎರಡು ವಾರದ ಗಲಾಟೆಯನ್ನು ಫಲಿತಾಂಶ ಎಂದು ತಿಳಿಯಬೇಡಿ, ಚಾಲಕರಿಗೆ ಹೊಸ ದಾರಿ ಮೈಗೂಡಲು ಸಮಯ ಬೇಕು. ಎರಡು ಮೂರು ತಿಂಗಳು ಕಳೆದ ಮೇಲೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ಅಳೆಯಿರಿ. ತೀರ್ಮಾನದ ದಿನಾಂಕವನ್ನು ಪ್ರಯೋಗ ಶುರುವಾಗುವ ಮೊದಲೇ ಲಿಖಿತವಾಗಿ ಪಡೆದುಕೊಳ್ಳಿ, ಯಾವ ಸಂಖ್ಯೆ ಎಷ್ಟಾದರೆ ಶಾಶ್ವತಗೊಳಿಸಬೇಕು ಎಂಬುದನ್ನೂ ಅದರಲ್ಲೇ ನಮೂದಿಸಿ. ಕಂಬಗಳು ಮುರಿದು ಬಣ್ಣ ಮಾಸುವ ಮೊದಲು ಅಂಚುಗಲ್ಲಿನ ಕಾರ್ಯಾದೇಶ ಹೊರಡಬೇಕು.